ಉಜ್ಜಿ ಹೋದ ನಂಬರು

ಆ ಚೀಟಿ ಅಂಗೈಯಷ್ಟೂ ಅಗಲವಿಲ್ಲ. ಒಂದು ಬದಿಗೆ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಅಳತೆ ಬರೆಯುವ ಗೆರೆಗಳು. ಇನ್ನೊಂದು ಬದಿಗೆ ಪೆನ್ಸಿಲ್ಲಿನಿಂದ ತಿಕ್ಕಿದ ಬೂದು ಬಣ್ಣ, ಅದರ ನಡುವೆ ಬೆಳ್ಳಗೆ ಉಳಿದುಕೊಂಡ ಒಂದು ಸಾಲು ಅಂಕಿ. ಮನೆಯ ಕರದ ರಸೀದಿ, ನನ್ನ ಹತ್ತನೆಯ ಇಯತ್ತೆಯ ಅಂಕಪಟ್ಟಿ, ಮಕ್ಕಳ ಜನನ ದಾಖಲೆ ಇವೆಲ್ಲದರ ಕೆಳಗೆ, ಫೈಲಿನ ಕೊನೆಯ ಪ್ಲಾಸ್ಟಿಕ್ ಚೀಲದಲ್ಲಿ ಅದು ಇಪ್ಪತ್ತೆರಡು ವರ್ಷದಿಂದ ಇತ್ತು. ಈ ನಡುವೆ ಮೂರು ಸಲ ಮನೆ ಬದಲಿಸಿದ್ದೇನೆ. ನನ್ನ ಲಗ್ನದ ಫೋಟೋಗಳೇ ಎಲ್ಲೋ ಹೋದವು, ಈ ಚೀಟಿ ಮಾತ್ರ ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನಿಸಿದೆ; ಆದರೆ ಹರಿದು ಒಗೆಯಲು ಕೈ ಬರಲಿಲ್ಲ.

ಕಳೆದ ತಿಂಗಳು ಗೆಳೆಯನೊಬ್ಬ ಫೋನಿಗೆ ಒಂದು ಜಾಹೀರಾತು ಕಳಿಸಿದ. ಅಪರೂಪದ ಹಳೆಯ ಮೋಟಾರ್ ಸೈಕಲ್ಲುಗಳು ಮಾರಾಟಕ್ಕಿವೆ, ಬಾದಾಮಿಯಿಂದ ಬನಶಂಕರಿಗೆ ಹೋಗುವ ದಾರಿಯ ಶೆಡ್ಡಿನಲ್ಲಿ ನೋಡಬಹುದು ಎಂದಿತ್ತು. ಒಂದು ಕಾಲಕ್ಕೆ ನನಗೆ ಈ ಗಾಡಿಗಳ ಹುಚ್ಚು ಇತ್ತೆಂದು ಅವನಿಗೆ ಗೊತ್ತು. ಒಂಬತ್ತು ಫೋಟೋ ಇದ್ದವು. ಚಹಾ ಕುಡಿಯುತ್ತ ಒಂದೊಂದೇ ಸರಿಸಿದೆ. ಏಳನೆಯದರಲ್ಲಿ ಕೈ ನಿಂತಿತು. ಮುಂದಿನ ಮಡ್‌ಗಾರ್ಡಿನ ಮೇಲೆ, ಧೂಳಿನ ಕೆಳಗೆ, ಬ್ರಷ್ಷಿನಿಂದ ಬರೆದ ಒಂದು ಕೆಂಪು ಕೂಡಿಸುವ ಚಿಹ್ನೆ. ದವಾಖಾನೆಯ ಗುರುತು. ಕೆಳಗೆ ಬರೆದಿದ್ದರು: ಎಂಜಿನ್ ನಂಬರ್ ಇಲ್ಲ, ಬಿಡಿ ಭಾಗಗಳಿಗೆ ಮಾತ್ರ.

ಫೋನನ್ನು ಬೋರಲು ಹಾಕಿ ಕುಳಿತೆ. ಹೆಂಡತಿ ನನ್ನ ಮುಖ ನೋಡಿ, ಯಾರು ತೀರಿಕೊಂಡರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಆ ಗಾಡಿಯವರು ತೀರಿಕೊಂಡು ಆಗಲೇ ಹದಿನಾಲ್ಕು ವರ್ಷವಾಗಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ. ಹುನಗುಂದದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಊರೆಲ್ಲ ಕಂಪೌಂಡರ್ ಎಂದರೆ ನಾನು ಕಾಕಾ ಎನ್ನುತ್ತಿದ್ದೆ. ಅವರು ಹತ್ತಿರ ಬಂದರೆ ಇಂಜೆಕ್ಷನ್ನಿಗೆ ಮೊದಲು ತೋಳಿಗೆ ಹಚ್ಚುವ ಸ್ಪಿರಿಟ್ಟಿನ ವಾಸನೆಯೂ ಆಯಿಲ್ ಬೆರೆಸಿದ ಪೆಟ್ರೋಲಿನ ವಾಸನೆಯೂ ಕೂಡಿಯೇ ಬರುತ್ತಿದ್ದವು. ಈಗಲೂ ಯಾವುದಾದರೂ ದವಾಖಾನೆಯ ಹೊರಗೆ ಹಳೆಯ ಗಾಡಿಯೊಂದು ಹೊಗೆ ಬಿಟ್ಟುಕೊಂಡು ಹೋದರೆ ನಾನು ತಿರುಗಿ ನೋಡುತ್ತೇನೆ...

ಗಾಡಿಯ ಕಂಪನಿಯ ಹೆಸರೂ ಬೇಡ. ಕಿಕ್ಕೂ ಗೇರೂ ಒಂದೇ ಕೋಲಿನಲ್ಲಿದ್ದ ಗಾಡಿ, ಎರಡು ಸೈಲೆನ್ಸರಿನದು ಎಂದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಆ ಕೋಲನ್ನು ಮೇಲೆತ್ತಿ ಹೊಡೆದರೆ ಕಿಕ್, ಮುಂದಕ್ಕೆ ಬಾಗಿಸಿದರೆ ಅದೇ ಗೇರ್. ಕಾಕಾ ನೌಕರಿಗೆ ಸೇರಿದ ಹೊಸದರಲ್ಲಿ ಕೊಂಡದ್ದು. ಹಳ್ಳಿಗಳಿಗೆ ಹೋಗಿ ಲಸಿಕೆ ಹಾಕುವ ಕೆಲಸವಿತ್ತು, ಬಸ್ಸಿಗೆ ಕಾಯುತ್ತ ಕುಳಿತರೆ ಔಷಧಿ ಬಿಸಿಲಿಗೆ ಕೆಡುತ್ತಿತ್ತು. ನಮ್ಮ ಅವ್ವನಿಗೆ ಹೊಲದಲ್ಲಿ ಹಾವು ಕಡಿದಾಗ ಅದೇ ದಾರಿಯಲ್ಲಿ ಬಂದ ಕಾಕಾ, ಅವಳ ಸೀರೆಯ ಸೆರಗಿನಿಂದಲೇ ಅವಳನ್ನು ತಮ್ಮ ಬೆನ್ನಿಗೆ ಕಟ್ಟಿಕೊಂಡು ದವಾಖಾನೆಗೆ ಮುಟ್ಟಿಸಿದ್ದರು. ಪರಗಂಡಸಿನ ಬೆನ್ನಿಗೆ ಕಟ್ಟಿಸಿಕೊಂಡು ಊರಿನ ನಡುವೆ ಬಂದೆನಲ್ಲ ಎಂದು ಅವ್ವ ನಾಚುತ್ತ, ನಗುತ್ತ, ಸಾಯುವವರೆಗೂ ಆ ಕಥೆ ಹೇಳುತ್ತಿದ್ದಳು. ಆ ಹಾವು ಕಡಿದ ಮೇಲೆ ಎರಡು ವರ್ಷಕ್ಕೆ ನಾನು ಹುಟ್ಟಿದ್ದು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡ ಬೆರಳಲ್ಲೇ ಗಾಡಿಯ ಮುಂದಿನ ದೀಪಕ್ಕೂ ಮೂರು ಎಳೆ ಎಳೆಯುತ್ತಿದ್ದರು. ಆಮೇಲೆ ಒರೆಸುವುದು. ನೀರಿಲ್ಲ, ಸಾಬೂನಿಲ್ಲ. ಅವರ ಹೆಂಡತಿ ಕಾಕುವಿನ ಹಳೆಯ ಇಳಕಲ್ ಸೀರೆಯನ್ನು ಹರಿದು ಮಾಡಿದ ಮೆತ್ತಗಿನ ಬಟ್ಟೆ ಅದಕ್ಕೆಂದೇ ಇತ್ತು. ಪಕ್ಕದ ಸಾಮಾನಿನ ಡಬ್ಬಿಯ ಮುಚ್ಚಳವನ್ನು ನಾಲ್ಕಾಣೆಯ ನಾಣ್ಯದಿಂದ ತಿರುಗಿಸಿ ತೆರೆದು ಬಟ್ಟೆ ತೆಗೆಯುವುದು, ಪೆಟ್ರೋಲ್ ಟಾಕಿಯಿಂದ ಶುರು ಮಾಡಿ ಎಂಜಿನ್ನಿನ ಸಂದು ಸಂದಿಗೂ ಬೆರಳು ಹಾಕಿ ಒರೆಸುವುದು, ಮಡಿಚಿ ಮತ್ತೆ ಡಬ್ಬಿಯೊಳಗೆ ಇಡುವುದು. ಯಾರಾದರೂ ಗಾಡಿ ಎಷ್ಟು ಓಡುತ್ತದೆ ಎಂದು ಕೇಳಿದರೆ, ನೀವೇನು ಕನ್ಯೆ ನೋಡಲು ಬಂದಿದ್ದೀರಾ ಎಂದು ನಗುತ್ತಿದ್ದರು. ಯಾರಿಗೂ ಗಾಡಿ ಕೊಡುತ್ತಿರಲಿಲ್ಲ. ನನಗೆ ಕೊಟ್ಟರು. ಓಡಿಸಲು ಕಲಿಸಿದವರೂ ಅವರೇ.

ನಿವೃತ್ತಿಯ ಹೊತ್ತಿಗೆ ಅವರ ಎಡಗಾಲಿನ ಮೊಳಕಾಲು ಕೈಕೊಟ್ಟಿತು. ಕಿಕ್ ಹೊಡೆಯಲು ಆಗದು. ಯಾರಾದರೂ ಹೊಡೆದುಕೊಟ್ಟರೂ ಗೇರಿಗೆ ಅದೇ ಕೋಲು. ಗಾಡಿಯನ್ನು ಸುಮ್ಮನೆ ನಿಲ್ಲಿಸಿ ತುಕ್ಕು ಹಿಡಿಸುವ ಬದಲು, ನೋಡಿಕೊಳ್ಳುವವರ ಕೈಗೆ ಕೊಡಬೇಕೆಂದು ಅವರೇ ಒಂದು ದಿನ ನನ್ನ ಹತ್ತಿರ ಮಾತು ತೆಗೆದರು.

ಆಗ ನನಗೆ ಇಪ್ಪತ್ತಾರು. ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯೊಂದರಲ್ಲಿ ಪಾಲಿಶ್ ವಿಭಾಗದ ಸುಪರ್‌ವೈಸರ್. ದಿನಾ ಹುನಗುಂದದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ರಜೆ ಇದ್ದಾಗ ಹಳೆಯ ಗಾಡಿಗಳನ್ನು ಹುಡುಕಿಕೊಂಡು ಗುಳೇದಗುಡ್ಡ, ಕೆರೂರು, ಬಾದಾಮಿ ಕಡೆ ಅಲೆಯುತ್ತಿದ್ದೆ. ಮೇವಿನ ಬಣವೆಯ ಮಗ್ಗುಲಲ್ಲಿ, ಕೋಳಿಗಳು ತತ್ತಿ ಇಡುವ ಮೂಲೆಯಲ್ಲಿ ಎಂಥೆಂಥ ಗಾಡಿಗಳು ಬಿದ್ದಿರುತ್ತಿದ್ದವು. ಹಾಗೆ ಎರಡು ಗಾಡಿಗಳನ್ನು ಕೊಳ್ಳುವವರಿಗೆ ತೋರಿಸಿ ಮಾರಿಸಿದ್ದೆ. ಎರಡೇ ಎರಡು. ಅಷ್ಟಕ್ಕೇ ನಾನು ದೊಡ್ಡ ಪರಿಣತ ಎಂಬ ಗರ್ವ ತಲೆಗೇರಿತ್ತು. ಕಾಕಾನ ಗಾಡಿಗೆ ಎಂಥವರನ್ನು ತರುತ್ತೇನೆ ನೋಡಿರಿ ಎಂದು ಎದೆ ತಟ್ಟಿಕೊಂಡೆ.

ಒಬ್ಬರನ್ನು ಹುಡುಕಿಯೂ ಬಿಟ್ಟೆ. ಧಾರವಾಡದ ಒಬ್ಬ ಡಾಕ್ಟರು, ನಲವತ್ತು ಹಳೆಯ ಗಾಡಿಗಳ ಸಂಗ್ರಹ ಇದ್ದವರು. ಫೋನಿನಲ್ಲಿ ಅವರು ಹೇಳಿದ್ದು ಮೂರು ಮಾತು. ಗಾಡಿಗೆ ಬಣ್ಣ ಹಚ್ಚಬೇಡಿ, ತೊಳೆಯಲೂ ಬೇಡಿ, ಇದ್ದ ಹಾಗೇ ಇರಲಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಆರ್.ಸಿ. ಬುಕ್ಕಿನ ಜೊತೆ ತಾಳೆಯಾಗಬೇಕು, ಪೆನ್ಸಿಲ್ ಪ್ರಿಂಟ್ ತೆಗೆದು ಇಟ್ಟಿರಿ. ಮೂರನೆಯದು ಕಾಕಾನಿಗೆ ಬಹಳ ಹಿಡಿಸಿದ ಮಾತು: ತಮ್ಮ ಸಂಗ್ರಹದಲ್ಲಿ ಪ್ರತಿ ಗಾಡಿಯ ಮುಂದೆಯೂ ಒಂದು ಫಲಕ ಇಟ್ಟು, ಅದರ ಮೊದಲ ಮಾಲೀಕರ ಹೆಸರು ಬರೆಸುತ್ತಾರಂತೆ. ಕಾಕಾ ಅದನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡರು. ಖರೇನ ಹೆಸರು ಬರೀತಾರೇನು, ಊರಿನ ಹೆಸರೂ ಬರೀತಾರೇನು ಎಂದು ಕೇಳಿದರು. ಬೆಲೆ ಎಷ್ಟೆಂದು ಒಮ್ಮೆಯೂ ಕೇಳಲಿಲ್ಲ.

ಡಾಕ್ಟರು ಬರಲು ವಾರವಿದ್ದಾಗ, ಬ್ರೇಕ್ ತಂತಿ ಹಾಕಿಸಿ ತರುತ್ತೇನೆಂದು ಗಾಡಿಯನ್ನು ಇಳಕಲ್ಲಿಗೆ ಒಯ್ದೆ. ಎಂಜಿನ್ನಿಗೂ ಒಂದಿಷ್ಟು ಹೊಳಪು ಕೊಡಲೇ ಎಂದು ಕೇಳಿದ್ದೆ. ಕಾಕಾ ಟಾಕಿಯ ಮೇಲೆ ಕೈ ಇಟ್ಟುಕೊಂಡೇ ಹೇಳಿದ್ದರು: “ಬಟ್ಟೀಲೆ ಒರಸಪಾ, ಬ್ಯಾಡ ಅನ್ನಂಗಿಲ್ಲ. ಮಷಿನ್ ಮಾತ್ರ ಹಚ್ಚಬ್ಯಾಡ ತಮ್ಮಾ. ಅದು ಕಲ್ಲಲ್ಲ.”

ಆಯ್ತ್ರಿ ಎಂದೆ. ಆದರೆ ನಾನು ಇಳಕಲ್ಲಿನ ಅನ್ನ ತಿಂದವನು. ಅಲ್ಲಿ ಕಲ್ಲು ಗಣಿಯಿಂದ ಒರಟಾಗಿ ಬರುತ್ತದೆ. ಅದನ್ನು ತಿಕ್ಕಿ, ಮತ್ತೆ ತಿಕ್ಕಿ, ಕೊನೆಗೆ ಅದರಲ್ಲಿ ನಮ್ಮ ಮುಖ ಕಂಡ ಮೇಲೆಯೇ ಅದಕ್ಕೊಂದು ಮರ್ಯಾದೆ. ಹೊಳಪಿಲ್ಲದ್ದು ಇನ್ನೂ ಕೆಲಸ ಬಾಕಿ ಇರುವ ವಸ್ತು ಎಂದೇ ನಮ್ಮ ಕಣ್ಣಿಗೆ ಕಾಣುತ್ತದೆ. ಡಾಕ್ಟರು ಇದ್ದ ಹಾಗೇ ಇರಲಿ ಎಂದದ್ದು ದೊಡ್ಡವರ ಸೌಜನ್ಯದ ಮಾತು ಎಂದುಕೊಂಡೆ. ಕನ್ಯೆ ನೋಡಲು ಬಂದವರ ಮುಂದೆ ಮುಖ ತೊಳೆಯದೆ ಯಾರಾದರೂ ನಿಲ್ಲಿಸುತ್ತಾರೆಯೇ ಎಂಬುದು ನನ್ನ ಜಾಣತನ.

ಅಮಾವಾಸ್ಯೆ ಬಂತು. ಆ ದಿನ ಫ್ಯಾಕ್ಟರಿ ಬಂದ್, ಯಾರೂ ಇರಲಿಲ್ಲ. ಮಧ್ಯಾಹ್ನ ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದೆ. ಮೊದಲು ಪೆನ್ಸಿಲ್ ಪ್ರಿಂಟ್ ತೆಗೆದೆ. ಮೇಜಿನ ಮೇಲಿದ್ದ ಅಳತೆ ಚೀಟಿಯನ್ನು ಎಂಜಿನ್ನಿನ ಎಡಕ್ಕೆ ನಂಬರ್ ಕೊರೆದ ಜಾಗಕ್ಕೆ ಒತ್ತಿ ಹಿಡಿದು ಪೆನ್ಸಿಲ್ಲಿನಿಂದ ತಿಕ್ಕಿದೆ. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೂಡಿದವು. ಮೂವತ್ತು ವರ್ಷದ ಗಾಡಿ, ಒಂದಂಕಿಯೂ ಮಸುಕಾಗಿರಲಿಲ್ಲ. ಚೀಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ.

ಆಮೇಲೆ ಕಲ್ಲಿನ ಅಂಚು ತಿಕ್ಕುವ ಕೈ ಮಷಿನ್ ಎತ್ತಿಕೊಂಡೆ. ಎಲ್ಲಕ್ಕಿಂತ ನಯವಾದ ಬಿಲ್ಲೆಯನ್ನೇ ಹಾಕಿದ್ದೆ, ಆ ಮಾತು ಹೌದು. ಆದರೆ ನಯ ಎಂದರೆ ಗ್ರಾನೈಟಿಗೆ ನಯ. ಎಂಜಿನ್ನಿನ ಹೊರಕವಚ ಅಲ್ಯುಮಿನಿಯಮ್. ಮಷಿನ್ ತಾಗಿದ ಕಡೆಯೆಲ್ಲ ಕಪ್ಪು ಹೋಗಿ ಬೆಳ್ಳಿ ಬಂದಂತೆ ಬರುತ್ತಿತ್ತು. ಹುಮ್ಮಸ್ಸು ಏರಿತು. ಮೈಮೇಲೆ ಧೂಳು ಕೂರುತ್ತಿದ್ದರೂ ನಿಲ್ಲಿಸಲಿಲ್ಲ. ಎಂಜಿನ್ನಿನಲ್ಲಿ ನನ್ನ ಮುಖ ಕಂಡಾಗ ಮಷಿನ್ ಬಂದ್ ಮಾಡಿ, ನಗುತ್ತ, ಎಡ ಬದಿಗೆ ಹೆಬ್ಬೆರಳು ಆಡಿಸಿದೆ.

ನುಣುಪು. ಏನೂ ಇರಲಿಲ್ಲ. ಮತ್ತೊಮ್ಮೆ ಆಡಿಸಿದೆ...

ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಊರಲ್ಲಿ ಕಲ್ಲಿಗೆ ಅಕ್ಷರ ಕೊರೆಯುವವರಿಗೇನು ಬರವಿಲ್ಲ, ಯಾರಿಂದಲಾದರೂ ಅದೇ ಅಂಕಿಗಳನ್ನು ಮತ್ತೆ ಹೊಡೆಸಿಬಿಡೋಣವೇ ಎಂದು ಯೋಚಿಸಿದೆ. ಅಷ್ಟು ದೊಡ್ಡ ಕಳ್ಳತನಕ್ಕೆ ಧೈರ್ಯ ಸಾಲಲಿಲ್ಲ. ಸಣ್ಣದಕ್ಕೆ ಸಾಕಾಗುವಷ್ಟಿತ್ತು. ಆರ್.ಸಿ. ಬುಕ್ ಇದೆ, ಚಾಸಿಸ್ ನಂಬರ್ ಇದೆ, ಡಾಕ್ಟರು ಅಷ್ಟೆಲ್ಲ ಬಗ್ಗಿ ನೋಡಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡು ಗಾಡಿಯನ್ನು ಹುನಗುಂದಕ್ಕೆ ತಂದೆ.

ಕಾಕಾ ಹೊಳೆಯುವ ಎಂಜಿನ್ನನ್ನು ನೋಡಿ ಖುಷಿಪಡಲಿಲ್ಲ. ಮಷಿನ್ ಹಚ್ಚಿದೆಯೇನು ಎಂದು ಕೇಳಿದರು. ಇಲ್ಲ, ಬಟ್ಟೆಗೆ ಪಾಲಿಶ್ ಹಚ್ಚಿ ಎರಡು ದಿನ ಕೈಯಿಂದಲೇ ತಿಕ್ಕಿದೆ ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು. ನನ್ನ ಮಾತನ್ನು ಅವರು ಅಲ್ಲಿಗೇ ನಂಬಿದರು, ಕೈ ನೋಯುತ್ತಿರಬೇಕು ಎಂದು ನನ್ನ ಹೆಗಲು ಹಿಚುಕಿದರು. ನಂಬಿದ್ದೇ ಮುಂದೆ ಅವರಿಗೆ ಮುಳುವಾಯಿತು.

ಡಾಕ್ಟರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟಿನ ಪೊಟ್ಟಣ ತಂದಿದ್ದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಓಣಿಯ ಹತ್ತು ಹದಿನೈದು ಜನ ಸುತ್ತ ನಿಂತಿದ್ದರು. ಕಂಪೌಂಡರ್ ಗಾಡಿಗೆ ಧಾರವಾಡದಿಂದ ಡಾಕ್ಟರೇ ಬಂದರಲ್ಲ ಎಂದು ಚೇಷ್ಟೆ ನಡೆದಿತ್ತು. ಡಾಕ್ಟರು ಬಟ್ಟೆಯಲ್ಲಿ ಸುತ್ತಿದ ಆಯಸ್ಕಾಂತವನ್ನು ಟಾಕಿಯ ಮೈಮೇಲೆಲ್ಲ ಆಡಿಸಿದರು. ಎಲ್ಲ ಕಡೆ ಕಚ್ಚಿಕೊಂಡಿತು. ಎಲ್ಲೂ ತಗ್ಗು ಮುಚ್ಚಲು ಮೆತ್ತಿದ ಲಪ್ಪ ಇಲ್ಲ, ಬಣ್ಣವೂ ಕಾರಖಾನೆಯದೇ ಎಂದು ಹೊಗಳಿದರು. ಮಡ್‌ಗಾರ್ಡಿನ ಕೆಂಪು ಗುರುತನ್ನು ನೋಡಿ, ಇದನ್ನು ಹೀಗೇ ಇಟ್ಟುಕೊಳ್ಳುತ್ತೇನೆ ಎಂದರು. ಕಿಸೆಯಿಂದ ಪುಸ್ತಕ ತೆಗೆದು ಫಲಕಕ್ಕೆ ಹೆಸರು ಹೇಳಿರಿ ಎಂದರು. ಕಾಕಾ ಎದ್ದು ನಿಂತು ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಊರು, ತಮ್ಮ ಕೆಲಸ ಎಲ್ಲ ಹೇಳಿ ಬರೆಸಿದರು. ಬರೆದದ್ದನ್ನು ಓದಿ ನೋಡಿ, ಒಂದು ಒತ್ತಕ್ಷರ ತಿದ್ದಿಸಿದರು.

ಆಮೇಲೆ ಡಾಕ್ಟರು ಎಂಜಿನ್ನಿನ ಎಡಕ್ಕೆ ಬಗ್ಗಿದರು. ಟಾರ್ಚ್ ಹಾಕಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿದರು. ಏಳುವಾಗ ಮುಖ ಬೇರೆಯೇ ಆಗಿತ್ತು. ಕಾಕಾನ ಹತ್ತಿರ ಬಂದು ದನಿ ತಗ್ಗಿಸಿಯೇ ಹೇಳಿದರು: “ತಪ್ಪು ತಿಳ್ಕೋಬ್ಯಾಡ್ರಿ. ಎಂಜಿನ್ ನಂಬರ್ ಅಳಿಸ್ಯಾರ. ಕಳವಿನ ಎಂಜಿನ್ ಕೂಡ್ರಿಸಿದಾಗಷ್ಟ ಹಿಂಗ ಮಾಡತಾರ್ರಿ.”

ಅವರು ತಗ್ಗಿಸಿ ಹೇಳಿದರೂ ಓಣಿಗೆಲ್ಲ ಕೇಳಿತು. ಚೇಷ್ಟೆ ನಿಂತಿತು. ಕಾಕಾ ಆರ್.ಸಿ. ಬುಕ್ ತಂದರು, ಗಾಡಿ ಕೊಂಡ ದಿನದ ಹಳೆಯ ಬಿಲ್ ತಂದರು. ಎರಡರಲ್ಲೂ ನಂಬರ್ ಇದೆ, ಆದರೆ ಈ ಎಂಜಿನ್ ಅದೇ ಎಂಜಿನ್ ಎಂದು ಹೇಳುವುದಕ್ಕೆ ಲೋಹದ ಮೇಲೆ ಏನೂ ಇಲ್ಲವಲ್ಲ ಎಂದು ಡಾಕ್ಟರು ತಿಳಿಹೇಳಿದರು. ಹೋದ ಸಲ ಆರ್.ಟಿ.ಓ. ಪಾಸಿಂಗಿಗೆ ಒಯ್ದಾಗ ನಂಬರ್ ಇತ್ತು ಎಂದು ಕಾಕಾ ಹೇಳಿದರು. ಅದಕ್ಕೂ ನಾಲ್ಕು ವರ್ಷವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ಮುಳುಗುವವರು ದಂಡೆಯ ಕಡೆ ನೋಡುವಂತೆ ನೋಡಿದರು.

“ನೀ ಇಳಕಲ್ಲಿಗೆ ಒಯ್ದಾಗ ನಂಬರ್ ನೋಡಿದ್ಯೇನು ತಮ್ಮಾ?”

ಚೀಟಿ ನನ್ನ ಅಂಗಿಯ ಕಿಸೆಯಲ್ಲಿತ್ತು. ಡಾಕ್ಟರಿಗೆ ಕೊಡಬಹುದೋ ಬೇಡವೋ ಎಂಬ ತೊಳಲಾಟದಲ್ಲಿ ಬೆಳಿಗ್ಗೆ ಇಟ್ಟುಕೊಂಡು ಬಂದಿದ್ದೆ. ತೆಗೆದು ತೋರಿಸಿದ್ದರೆ ನಾಲ್ಕೈದು ದಿನದ ಹಿಂದೆ ಆ ನಂಬರ್ ಎಂಜಿನ್ನಿನ ಮೇಲೆ ಇತ್ತೆಂದೂ, ಆರ್.ಸಿ. ಬುಕ್ಕಿನದೂ ಅದೂ ಒಂದೇ ಎಂದೂ ಅಲ್ಲಿಯೇ ಗೊತ್ತಾಗುತ್ತಿತ್ತು. ಡಾಕ್ಟರು ಆಗಲೂ ಗಾಡಿ ಕೊಳ್ಳುತ್ತಿರಲಿಲ್ಲವೇನೋ. ಆದರೆ ಕಾಕಾ ಕಳ್ಳರಾಗುತ್ತಿರಲಿಲ್ಲ. ಹೋಗುತ್ತಿದ್ದದ್ದು ನನ್ನ ಮರ್ಯಾದೆ ಮಾತ್ರ, ಮತ್ತು ನನ್ನದು ಅಷ್ಟೇನೂ ದೊಡ್ಡದಿರಲಿಲ್ಲ.

“ನಾ ನೋಡಿಲ್ರಿ ಕಾಕಾ. ಪ್ರಿಂಟ್ ತೆಗಿಯೂದೂ ಮರತೆ” ಎಂದೆ.

ಕಾಕಾ ತಲೆಯಾಡಿಸಿದರು. ಎಂಜಿನ್ನಿನ ಹತ್ತಿರ ಹೋಗಿ, ನೋವಿನ ಮೊಳಕಾಲನ್ನು ಕಷ್ಟಪಟ್ಟು ಮಡಿಚಿ ಕುಳಿತು, ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ಮುಟ್ಟುತ್ತಲೇ ಇದ್ದರು. ಆಮೇಲೆ ಡಾಕ್ಟರಿಗೆ ಹೇಳಿದರು, ದಿನಾ ಒರೆಸುತ್ತಿದ್ದೆ, ಮೂವತ್ತು ವರ್ಷ, ನನ್ನ ಕೈಯಿಂದಲೇ ಸವೆದು ಹೋಗಿರಬೇಕು ಎಂದು. ಡಾಕ್ಟರು ಪುಸ್ತಕ ಮುಚ್ಚಿ ಕಿಸೆಗೆ ಹಾಕಿಕೊಂಡರು. ಅವರು ಕಾರಿನ ಕಡೆ ಹೊರಟಾಗ ಕಾಕು ಬಾಗಿಲಿಗೆ ಬಂದು, ಚಹಾ ಆಗಿದೆ, ಕುಡಿದೇ ಹೋಗಬೇಕು ಎಂದರು. ಆ ಮನೆಯಿಂದ ಚಹಾ ಕುಡಿಯದೆ ಯಾರೂ ಎದ್ದು ಹೋದದ್ದಿಲ್ಲ. ಗಂಡನ ಹೆಸರಿಗೆ ಮಸಿ ಬಳಿದು ಹೊರಟವರಿಗೂ ಅವರು ಕಪ್ಪು ಬಸಿಯಲ್ಲಿ ಚಹಾ ಹಾಕಿ ಕೊಟ್ಟರು. ಎರಡನೆಯ ಕಪ್ಪನ್ನು ನನ್ನ ಕೈಗೆ ಕೊಟ್ಟರು. ನಾನು ಕುಡಿದೆ.

ಊರು ಕೆಟ್ಟದ್ದೇನಲ್ಲ. ಕಾಕಾನನ್ನು ಯಾರೂ ಎದುರಿಗೆ ಕಳ್ಳ ಎನ್ನಲಿಲ್ಲ. ಆದರೆ ಚಹಾದಂಗಡಿಯಲ್ಲಿ ಕಂಪೌಂಡರ್ ಗಾಡಿಯ ಮಾತು ಬಂದರೆ ಒಂದು ಸಣ್ಣ ನಗೆ ಹರಿದಾಡುತ್ತಿತ್ತು. ದವಾಖಾನೆಯಲ್ಲಿದ್ದಾಗ ಇನ್ನೇನೇನು ಅದಲುಬದಲು ಮಾಡಿದ್ದರೋ ಎಂದು ಒಬ್ಬ ಅಂದನಂತೆ. ಅದು ಕಾಕಾನ ಕಿವಿಗೂ ಬಿತ್ತು. ಆಮೇಲೆ ಅವರು ಚಹಾದಂಗಡಿಗೆ ಹೋಗುವುದನ್ನು ಬಿಟ್ಟರು. ಸಂಜೆ ಮಠದ ಕಟ್ಟೆಗೆ ಹೋಗುವುದನ್ನೂ ಬಿಟ್ಟರು.

ಒರೆಸುವುದನ್ನೂ ಬಿಟ್ಟರು. ನಾನು ಗೋಡೆಯ ಈಚೆಯಿಂದ ದಿನಾ ನೋಡುತ್ತಿದ್ದೆ. ಪೂಜೆ ಮುಗಿಸಿ ಹೊರಗೆ ಬರುವರು, ಮುಂದಿನ ದೀಪಕ್ಕೆ ವಿಭೂತಿ ಹಚ್ಚುವರು, ಅಷ್ಟೇ. ಬಟ್ಟೆ ತೆಗೆಯುತ್ತಿರಲಿಲ್ಲ. ಟಾಕಿಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು ಕೂತಿತು.

ಒಂದು ದಿನ ನಾನು ಫ್ಯಾಕ್ಟರಿಗೆ ಹೊರಟಾಗ ಕಟ್ಟೆಯ ಮೇಲಿಂದ ಕರೆದರು. ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು. ಸಾವಿರಾರು ಮಂದಿಗೆ ಸೂಜಿ ಚುಚ್ಚಿದ, ನಡುಗದ ಕೈಗಳು ಅವು.

“ನೋಡೋ, ಪ್ರೀತೀಲೆ ಒರಸಿದ್ದು. ಪ್ರೀತಿ ಮಾಡಿ ಮಾಡೇ ಕೆಡಿಸಿದ್ನೇನೋ ನಾ” ಎಂದರು.

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ಕಟ್ಟೆಯ ಮೇಲೆ ನಾವಿಬ್ಬರೇ ಇದ್ದೆವು. ಕಾಲಿಗೆ ಬಿದ್ದಿದ್ದರೆ ಎರಡು ಬೈದು ಎಬ್ಬಿಸುತ್ತಿದ್ದರು. ನಾನು ಏನೆಂದೆ ಗೊತ್ತೇ?

“ಅಲ್ಯುಮಿನಿಯಮ್ ಭಾಳ ಮೆತ್ತಗಿರತೈತ್ರಿ ಕಾಕಾ. ಬಟ್ಟೀಲೆ ಸೈತ ಸವೀತೈತಿ.”

ಆ ಮೊದಲಿನ ಸುಳ್ಳನ್ನು ಅಂಜಿಕೆಯ ಲೆಕ್ಕಕ್ಕೆ ಬರೆಯಬಹುದು. ಇದನ್ನು ಯಾವ ಲೆಕ್ಕಕ್ಕೆ ಬರೆಯಲಿ? ನನ್ನ ತಪ್ಪನ್ನು ಹೊತ್ತುಕೊಂಡು ಕುಳಿತ ಮನುಷ್ಯನಿಗೆ, ಅದು ನಿಮ್ಮದೇ ಎಂದು ಕಸುಬಿನ ಮಾತು ಸೇರಿಸಿ ಖಾತ್ರಿ ಮಾಡಿಕೊಟ್ಟೆ. ಬಸ್ಸು ಹತ್ತಿದ ಮೇಲೆ ಕಿಟಕಿಯ ಹೊರಗೆ ಮುಖ ಹಾಕಿಕೊಂಡು ಇಳಕಲ್ ಬರುವವರೆಗೆ ಕುಳಿತಿದ್ದೆ. ಮಷಿನ್ ಹಿಡಿದ ನನ್ನ ಕೈಗೇನೂ ಆಗಿರಲಿಲ್ಲ.

ಅದಾದ ಎರಡು ವರ್ಷಕ್ಕೆ ಬಾಗಲಕೋಟೆಯಲ್ಲಿ ಬೇರೆ ಕೆಲಸ ಸಿಕ್ಕಿತು, ಅಲ್ಲಿನ ನವನಗರಕ್ಕೆ ಬಂದೆ. ಹಳೆಯ ಗಾಡಿಗಳ ಸಹವಾಸ ಬಿಟ್ಟೆ. ಬಿಟ್ಟದ್ದಕ್ಕೆ ಪುರುಸೊತ್ತಿಲ್ಲ ಎಂಬ ಕಾರಣ ಹೇಳುತ್ತಿದ್ದೆ. ಹುನಗುಂದಕ್ಕೆ ಹೋದಾಗಲೆಲ್ಲ ಕಾಕಾ, ಬಾಗಲಕೋಟೆಯವರು ಬಂದರು ಎಂದು ಚೇಷ್ಟೆ ಮಾಡುತ್ತಿದ್ದರು, ಕಾಕು ಚಹಾ ಕೊಡುತ್ತಿದ್ದರು. ಗಾಡಿ ತಾಡಪತ್ರಿ ಹೊದಿಕೆಯ ಕೆಳಗಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಕಾಕಾ ತೀರಿಕೊಂಡಾಗ ಸಮಾಧಿಗೆ ವಿಭೂತಿ, ಬಿಲ್ವಪತ್ರಿ ಹಾಕುವವರ ಸಾಲಿನಲ್ಲಿ ನಾನೂ ನಿಂತಿದ್ದೆ. ಆ ಹೊತ್ತಿಗೂ ಚೀಟಿ ಫೈಲಿನಲ್ಲಿಯೇ ಇತ್ತು... ಅವರ ಮಗಳು ಬಾದಾಮಿಯಲ್ಲಿ ಸಾಲಿ ಮಾಸ್ತರಿಣಿ. ಕಾಕುವನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಸಾಮಾನಿನ ಜೊತೆ ಟೆಂಪೋದಲ್ಲಿ ಗಾಡಿಯೂ ಹೋಯಿತೆಂದು ಕೇಳಿದ್ದೆ. ಮನೆಯ ಹಿಂದೆ ವರ್ಷಗಟ್ಟಲೆ ನಿಂತು, ಕೊನೆಗೆ ಈಚೆಗೆ ಆ ಶೆಡ್ಡಿಗೆ ಬಂದಿತ್ತು.

ಜಾಹೀರಾತು ನೋಡಿದ ನಾಲ್ಕನೆಯ ದಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಬಾದಾಮಿಯ ಬಸ್ಸು ಹತ್ತಿದೆ. ಶೆಡ್ಡಿನವನು ಮೂವತ್ತರ ಆಸುಪಾಸಿನ ಹುರುಪಿನ ಮನುಷ್ಯ. ಉಳಿದ ಎಂಟು ಗಾಡಿಗಳನ್ನು ಒರೆಸಿ ಸಾಲಾಗಿ ನಿಲ್ಲಿಸಿದ್ದ. ಕಾಕಾನ ಗಾಡಿ ಹಿಂದೆ ಗೋಡೆಗೆ ಒರಗಿತ್ತು. ಮುಂದಿನ ದೀಪ ಆಗಲೇ ಯಾರಿಗೋ ಮಾರಾಟವಾಗಿ, ಅಲ್ಲೊಂದು ತೂತು ಇತ್ತು. ನಾನು ಚೀಟಿ ತೆಗೆದು ತೋರಿಸಿದೆ. ಇದು ಇದರದೇ ನಂಬರ್, ಇದನ್ನು ಉಜ್ಜಿ ಹಾಕಿದವನು ನಾನು ಎಂದೆ. ಬಾಯಿ ಬಿಟ್ಟು ಈ ಮಾತು ಹೇಳಿದ್ದು ಅದೇ ಮೊದಲು. ಅವನು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ.

“ಕಾಗದದ ಮ್ಯಾಲಿನ ನಂಬರ್ ತೊಗೊಂಡು ಏನ್ ಮಾಡೂದ್ರಿ ಸರ. ಎಂಜಿನ್ ಮ್ಯಾಲ ಇದ್ರ ಹೇಳ್ರಿ” ಎಂದು, ಬೇರೆ ಗಿರಾಕಿಯ ಕಡೆ ಹೋದ.

ನಾನು ಗಾಡಿಯ ಪಕ್ಕ ಕುಳಿತೆ. ಸಾಮಾನಿನ ಡಬ್ಬಿ ಮುಚ್ಚಿಯೇ ಇತ್ತು, ತುಕ್ಕು ಹಿಡಿದಿದ್ದರಿಂದ ಯಾರೂ ತೆರೆದಿರಲಿಲ್ಲ. ನಾಲ್ಕಾಣೆ ಈಗ ಎಲ್ಲಿಯದು. ಒಂದು ರೂಪಾಯಿಯ ನಾಣ್ಯ ಹಾಕಿ ತಿರುಗಿಸಿದೆ. ಮೂರನೆಯ ಸಲಕ್ಕೆ ಬಿಟ್ಟುಕೊಂಡಿತು. ಒಳಗೆ ಆ ಸೀರೆಯ ಬಟ್ಟೆ ಇತ್ತು, ಒಗೆದು, ಚೌಕಾಗಿ ಮಡಿಚಿ ಇಟ್ಟದ್ದು. ಬಟ್ಟೆಯ ಮಡಿಕೆಯೊಳಗೆ ಒಂದು ಮೋಟು ಪೆನ್ಸಿಲ್, ಮತ್ತೆ ದವಾಖಾನೆಯ ಔಷಧಿ ಚೀಟಿಗಳ ಒಂದು ಸಣ್ಣ ಕಟ್ಟು. ಚೀಟಿಗಳನ್ನು ಬಿಡಿಸಿದೆ. ಒಂದೊಂದರ ಮೇಲೂ ಪೆನ್ಸಿಲ್ಲಿನಿಂದ ತಿಕ್ಕಿದ ಬೂದು ಬಣ್ಣ. ಅಂಚಿನ ಗುರುತು ಇದೆ, ಬೋಲ್ಟಿನ ಗುರುತು ಇದೆ, ನಡುವೆ ಬರೀ ಬೂದು. ಹನ್ನೊಂದು ಚೀಟಿಗಳು. ಕಾಕಾ ಆ ನುಣುಪಾದ ಜಾಗದ ಮೇಲೆ ಕಾಗದವಿಟ್ಟು, ಒಂದಂಕಿಯಾದರೂ ಮೂಡೀತೇನೋ ಎಂದು ಹನ್ನೊಂದು ಸಲ ತಿಕ್ಕಿ ನೋಡಿದ್ದರು. ಕೊನೆಯ ಒಂದೆರಡರಲ್ಲಿ ಪೆನ್ಸಿಲ್ ಎಷ್ಟು ಒತ್ತಿದ್ದರೆಂದರೆ ಕಾಗದ ಹರಿದಿತ್ತು.

ನನ್ನ ಚೀಟಿಯನ್ನು ಅವುಗಳ ಜೊತೆಗಿಟ್ಟುಕೊಂಡು ನಾನು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಶೆಡ್ಡಿನವನು ಬಂದು, ನೀರು ಬೇಕೇನು ಎಂದು ಕೇಳಿದ.

ಮಗಳ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಮಗಳು ಸಾಲಿಗೆ ಹೋಗಿದ್ದಳು. ಕಾಕು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ನನ್ನ ದನಿಯಿಂದಲೇ ಗುರುತು ಹಿಡಿದು, ಬಾ ತಮ್ಮಾ, ಚಹಾಕ್ಕೆ ಇಡುತ್ತೇನೆ ಎಂದು ಏಳಲು ಹೋದರು. ಮೊದಲು ಮಾತು ಕೇಳಿರಿ ಎಂದು ಕೂರಿಸಿದೆ. ಅಮಾವಾಸ್ಯೆಯ ಮಷಿನ್ನಿನಿಂದ ಹಿಡಿದು ಅಲ್ಯುಮಿನಿಯಮ್ಮಿನ ಮಾತಿನವರೆಗೆ ಒಂದೂ ಬಿಡದೆ ಹೇಳಿದೆ. ಹೇಳಿ ಮುಗಿಸಿ ಹನ್ನೆರಡೂ ಚೀಟಿಗಳನ್ನು ಮುಂದಿಟ್ಟೆ. ಅವರು ಬೂದು ಚೀಟಿಗಳನ್ನು ನೋಡಲೂ ಇಲ್ಲ. ಅವು ಅವರಿಗೆ ಗೊತ್ತಿದ್ದವು. ನನ್ನ ಚೀಟಿಯನ್ನು ಮಾತ್ರ ಕಣ್ಣಿಗೆ ಹತ್ತಿರ ಹಿಡಿದು, ಅಂಕಿಗಳನ್ನು ಒಂದೊಂದಾಗಿ ಬಾಯಲ್ಲೇ ಓದಿದರು.

“ನಾ ಒರಸ್ತೇನಿ ಅಂದ್ರೂ ಬಿಡಲಿಲ್ಲ” ಎಂದರು ಕೊನೆಗೆ. “ನಮ್ಮ ಕೈ ಛಲೋ ಅಲ್ಲ, ಮುಟ್ಟಬ್ಯಾಡ ಅಂತಿದ್ರು. ಸಾಯೂತನಕ ಹಂಗ ಅಂದ್ರು.”

ನಾನು ಕಾಲು ಮುಟ್ಟಲು ಬಾಗಿದೆ. ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಎದ್ದು ಹೋಗಿ ಗೋಡೆಯ ಮೇಲಿದ್ದ ಕಾಕಾನ ಫೋಟೋದ ಚೌಕಟ್ಟಿನ ಸಂದಿಗೆ ಆ ಚೀಟಿಯನ್ನು ಸಿಕ್ಕಿಸಿದರು. ಸೊಟ್ಟಗಾಗಿತ್ತು, ಮತ್ತೊಮ್ಮೆ ತೆಗೆದು ನೆಟ್ಟಗೆ ಸಿಕ್ಕಿಸಿದರು. ತಿರುಗಿ ಬಂದು ಕುಳಿತು ಶೇಂಗಾದ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡರು.

ನಾನು ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದೆ. ಶೇಂಗಾ ಒಡೆಯುವ ಸದ್ದಷ್ಟೇ ಇತ್ತು. ಬರ್ತೇನ್ರಿ ಕಾಕು ಎಂದು ಎದ್ದೆ. ಅವರು ತಲೆ ಎತ್ತದೆ ಹೂಂ ಎಂದರು. ಬಸ್ ಸ್ಟ್ಯಾಂಡಿಗೆ ಬಂದು ನಿಂತ ಮೇಲೆ ಹೊಳೆಯಿತು, ಅವರು ಚಹಾಕ್ಕೆ ಇಟ್ಟಿರಲಿಲ್ಲ.